ರೈಸಾ ಟೀಚರ ಅಪ್ಪನ ಹೆಸರು

ವಿಮಾನ ನಿಲ್ದಾಣ

ಬಹರೈನಿಗೆ ಹೋಗಿ ಬಂದೆ ಎಂದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಚಿನ್ನದ ವಿಷಯ. ಚಿನ್ನ ನೋಡಿದೆ, ಕೊಳ್ಳಲಿಲ್ಲ. ನಾನು ಹೇಳಬೇಕಾದ್ದು ಬೇರೆ ಇದೆ. ಅಲ್ಲಿ ಒಬ್ಬ ರಷ್ಯನ್ ವಿದ್ವಾಂಸರ ಭಾಷಣವನ್ನು ಕನ್ನಡಕ್ಕೆ ತಂದುಕೊಟ್ಟು, ತಂಗಿಯ ಗಂಡನ ಕೆಲಸಕ್ಕೆ ಕಲ್ಲು ಹಾಕಿ ಬಂದವಳು ನಾನು. ಬೇರೆಯವರು ಉಪ್ಪುಖಾರ ಸೇರಿಸಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಅದು ೧೯೯೩ರ ಡಿಸೆಂಬರ್, ಕ್ರಿಸ್‌ಮಸ್ ಮುಗಿದ ಮರುದಿನ. ನನ್ನ ಬ್ಯಾಗಿನಲ್ಲಿ ತಂಗಿ ಲಿಲ್ಲಿಗೆಂದು ಹಲಸಿನ ಹಪ್ಪಳ, ಒಣ ಸಿಗಡಿ, ಅಪ್ಪೆಮಿಡಿ ಉಪ್ಪಿನಕಾಯಿ. ವೀಸಾ ಕೌಂಟರಿನ ಅಧಿಕಾರಿ ನನ್ನ ಹೆಸರು ಕೇಳಿದರು. ಸೆವ್ರಿನ್ ಡಿಸೋಜ ಎಂದೆ. ಅಪ್ಪನ ಹೆಸರು ಕೇಳಿದರು. ಪಾವ್ಲ್ ಎಂದೆ. ಅಪ್ಪನ ಅಪ್ಪನ ಹೆಸರು ಕೇಳಿದಾಗ ತಡವರಿಸಿದೆ. ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಅಜ್ಜನನ್ನು ಊರೆಲ್ಲ ಪೊರ್ಬು ಎನ್ನುತ್ತಿತ್ತು. ಇಗರ್ಜಿಯ ಪುಸ್ತಕದಲ್ಲಿ ಏನು ಬರೆದಿತ್ತೋ ನನಗೆ ತಿಳಿಯದು. ಅಜ್ಜನ ಹೆಸರು ಗೊತ್ತಿಲ್ಲದ ಹೆಂಗಸನ್ನು ಆ ಮನುಷ್ಯ ಅನುಕಂಪದಿಂದ ನೋಡಿದರು. ನಮ್ಮ ಕಡೆ ಎರಡು ಮನೆಗೊಬ್ಬ ಆಂತೋನಿ ಇರುತ್ತಾನೆಂಬ ಧೈರ್ಯದಲ್ಲಿ ಆಂತೋನಿ ಎಂದುಬಿಟ್ಟೆ. ಅವರಿಗೆ ಸಮಾಧಾನವಾಯಿತು. ಕಸ್ಟಮ್ಸಿನವರು ಒಣ ಸಿಗಡಿಯ ಪೊಟ್ಟಣ ಬಿಚ್ಚಿ, ಮೂಗು ಹತ್ತಿರ ತಂದು, ಬೇಗನೆ ಮುಚ್ಚಿ, "ಮಾಫಿ ಮುಷ್ಕಿಲ್" ಎಂದು ಕಳಿಸಿದರು. ತೊಂದರೆಯೇನಿಲ್ಲ ಎಂದರ್ಥ. ಆ ಮಾತನ್ನು ಅಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುತ್ತಾರೆ, ತೊಂದರೆ ಇದ್ದಾಗಲೂ.

ಮನಾಮಾದ ಸೂಕ್

ಲಿಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ವಲೇರಿಯನ್, ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಗೆ ಸಾಮಾನು ಒದಗಿಸುವ ಒಂದು ಸಣ್ಣ ಕಂಪನಿಯ ಆಫೀಸಿನಲ್ಲಿದ್ದ. ಒಂಬತ್ತು ವರ್ಷದ ಮಗಳು ಶರನ್. ಮಾಹೂಝಿನಲ್ಲಿ ಎರಡು ಕೋಣೆಯ ಫ್ಲ್ಯಾಟ್. ಮನೆಯಲ್ಲಿ ನಾವು ಆಡಿದ್ದೆಲ್ಲ ಕೊಂಕಣಿ. ಇಲ್ಲಿ ಬರೆಯುವಾಗ ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ. ಶರನ್ ಆಡುವುದು ಮಾತ್ರ ಇಂಗ್ಲಿಷ್.

ಬಂದ ಮೂರನೆಯ ದಿನ ಲಿಲ್ಲಿ ನನ್ನನ್ನು ಹಳೇ ಪೇಟೆಗೆ, ಅವಳು ಯಾವಾಗಲೂ ಹೋಗುವ ಬಟ್ಟೆ ಅಂಗಡಿಗೆ ಕರೆದೊಯ್ದಳು. ಅಂಗಡಿಯ ಯಜಮಾನರು ಹಾರೂನ್ ಸೇಠ್, ಅರವತ್ತು ದಾಟಿದವರು. ಅವರ ಹಿಂದಿ ಅಪ್ಪಟ ಬೊಂಬಾಯಿಯದು. ಚಿಕ್ಕಂದಿನಲ್ಲಿ ಅಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕಲಿತದ್ದಂತೆ.

ನಮ್ಮ ಕರಾವಳಿಯವರಿಗೆ ಒಂದು ಚಟ. ಹೊಸಬರು ಸಿಕ್ಕಿದರೆ ಊರು ಯಾವುದು ಎನ್ನುತ್ತೇವೆ. ಊರು ಹೇಳಿದರೆ ಊರಲ್ಲಿ ಎಲ್ಲಿ, ಯಾರ ಮನೆಯ ಹತ್ತಿರ, ತಂದೆ ಯಾರು. ನೇರವಾಗಿ ಜಾತಿ ಕೇಳುವುದು ಮರ್ಯಾದೆಯಲ್ಲ. ಆದ್ದರಿಂದ ಸುತ್ತಿ ಬಳಸಿ ಐದನೆಯ ಪ್ರಶ್ನೆಗೆ ಅಲ್ಲಿಗೇ ಬಂದು ಕೂರುತ್ತೇವೆ. ಈ ಚಟದಿಂದ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮೇಜಿನ ಬಟ್ಟೆ ಬಿಡಿಸಿ ತೋರಿಸುತ್ತಿದ್ದ ಸೇಠರನ್ನು ಕೇಳುತ್ತಾ ಹೋದೆ. ಇಲ್ಲಿಯವರೇ. ಅಜ್ಜ ಬಸ್ರಾದಿಂದ ಬಂದವರು. ಬಸ್ರಾದ ಅಜ್ಜನ ಮನೆಗೆ ಹೊದೆಸಿದ್ದು ಮಂಗಳೂರು ಹಂಚು, ಹಾಗಾಗಿ ನಮ್ಮ ಊರಿನ ಹೆಸರು ಅವರಿಗೆ ಗೊತ್ತು. ಅಜ್ಜನಿಗೆ ಅಲ್ಲಿ ಏನು ಕೆಲಸ, ಯಾವ ಕೇರಿ ಎಂದೆ. ಸೇಠ್ ಬಟ್ಟೆ ಮಡಚುವುದನ್ನು ನಿಲ್ಲಿಸಿ ನಕ್ಕರು.

"ನಾವು ಯಹೂದಿಗಳು, ಬಹೆನ್‌ಜಿ. ಇಲ್ಲಿ ಕೆಲವೇ ಮನೆ ಉಳಿದಿದ್ದೇವೆ," ಎಂದರು. ನನ್ನ ಮುಖ ಬಿಸಿಯಾದದ್ದು ಅವರಿಗೆ ಕಂಡಿರಬೇಕು. "ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದ ಮೇಲೆ ಬಟ್ಟೆ ತೆಗೆದುಕೊಳ್ಳುತ್ತೀರೋ ಇಲ್ಲವೋ, ನಾನು ಅದನ್ನು ನೋಡುತ್ತೇನೆ."

ಒಂದು ಬೇಕಿದ್ದಲ್ಲಿ ಎರಡು ತೆಗೆದುಕೊಂಡೆ. ಹೊರಗೆ ಬಂದ ಮೇಲೆ ಲಿಲ್ಲಿ ನನ್ನ ತೋಳು ಚಿವುಟಿದಳು. "ಆರು ವರ್ಷದಿಂದ ಬರ್ತಾ ಇದ್ದೇನೆ ನಾನು. ಒಂದು ದಿನ ಕೇಳ್ಳಿಲ್ಲ. ನಿಂಗೆ ಆರು ನಿಮಿಷ ಸಾಕಾಯ್ತಲ್ಲ," ಎಂದಳು.

ಅಸ್ಕರ್

ವಲೇರಿಯನ್ ತನ್ನ ಸಂಕಟವನ್ನು ಕಾರಿನಲ್ಲಿ ಹೇಳಿದ. ಅವನ ಕಂಪನಿ ಆಳು ಕಡಿಮೆ ಮಾಡುತ್ತಿತ್ತು. ರಷ್ಯದ ಯಂತ್ರಭಾಗಗಳ ಏಜೆನ್ಸಿ ಒಂದು ಬರುವುದರಲ್ಲಿತ್ತು. ಅದು ಬಂದರೆ ಇವನ ಮೇಜು ಉಳಿಯುತ್ತದೆ, ವೀಸಾ ನವೀಕರಣವಾಗುತ್ತದೆ. ಅದನ್ನು ಕೊಡುವುದೋ ಬಿಡುವುದೋ, ಕೊನೆಯ ಮಾತು ರಷ್ಯದವರ ಕಡೆಯ ಗೆನ್ನಾದಿ ಸ್ತೆಪಾನೊವಿಚ್ ಎಂಬ ಒಬ್ಬ ಇಂಜಿನಿಯರರದು. ಆ ಮನುಷ್ಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾಸ್ಕೋದಲ್ಲಿ ಎರಡು ವರ್ಷ ಅನುವಾದ ಕಲಿತ ಹೆಂಡತಿಯ ಅಕ್ಕ ಬರುತ್ತಾಳೆಂದು ಇವನು ಹೇಳಿದ್ದೇ ತಡ, ಕರೆದುಕೊಂಡು ಬಾ ಎಂದರಂತೆ.

"ಒಂದೇ ಮಾತು ಅಕ್ಕ," ಎಂದ ವಲೇರಿಯನ್. "ಅವ್ರು ಎಂತ ಹೇಳಿದ್ರೂ ವಾದ ಮಾಡ್ಲಿಕ್ಕೆ ಹೋಗ್ಬೇಡಿ."

ನಾನು ವಾದ ಮಾಡುವವಳೆಂದು ಅವನಿಗೆ ಯಾರು ಹೇಳಿದರೋ.

ಅಸ್ಕರಿನಲ್ಲಿ ಸಮುದ್ರವಿದೆ, ಆದರೆ ಅದರ ವಾಸನೆ ಇಲ್ಲ. ಕಾರ್ಖಾನೆಯ ಬಿಸಿಲೋಹದ ವಾಸನೆಯೇ ಗಾಳಿಗೆಲ್ಲ. ಶಮಾಲ್ ಗಾಳಿ ಮರಳನ್ನು ಎತ್ತಿ ಮುಖಕ್ಕೆ ಎರಚುತ್ತಿತ್ತು. ಗೆನ್ನಾದಿ ಸ್ತೆಪಾನೊವಿಚ್ ತಮ್ಮ ತಗಡಿನ ಕ್ಯಾಬಿನ್ನಿನ ಬಾಗಿಲಲ್ಲಿ ಕೋಟು ಹಾಕಿಕೊಂಡೇ ನಿಂತಿದ್ದರು. ಬಾಗಿ ನನ್ನ ಕೈಗೆ ಮುತ್ತಿಟ್ಟರು. ವಲೇರಿಯನ್ ಕಿಟಕಿಯ ಕಡೆ ನೋಡಿದ. ಚಹಾ ಜೊತೆಗೆ ಚೆರ್ರಿ ಹಣ್ಣಿನ ಜಾಮ್, ಚಮಚದಲ್ಲಿ ಬಾಯಿಗಿಟ್ಟು ಮೇಲೆ ಚಹಾ ಕುಡಿಯುವುದು. ಹದಿನೈದು ವರ್ಷದ ಮೇಲೆ ಆ ರುಚಿ ನಾಲಗೆಗೆ ತಾಗಿದಾಗ ಕಣ್ಣು ತುಂಬಿತು, ಸುಳ್ಳೇಕೆ.

ಅವರ ಕಷ್ಟ ಕಟ್ಟುಕಥೆಯಲ್ಲ. ಇಪ್ಪತ್ತೈದು ವರ್ಷ ದುಡಿದ ಸಂಶೋಧನಾ ಸಂಸ್ಥೆ ಈಗ ವಿದೇಶಿ ಸಿಗರೇಟಿನ ಗೋದಾಮು. ತಾಯಿಯ ಪಿಂಚಣಿಯಲ್ಲಿ ತಿಂಗಳ ಬ್ರೆಡ್ಡೂ ಬರುವುದಿಲ್ಲ. ಅವರು ಇಂಜಿನಿಯರಾದರೂ ರಷ್ಯದ ಇತಿಹಾಸ, ಆತ್ಮ ಎಂದೆಲ್ಲ ದೊಡ್ಡ ಮಾಸಪತ್ರಿಕೆಗಳಿಗೆ ಪ್ರಬಂಧ ಬರೆಯುತ್ತಿದ್ದವರು. ಮರಳುಗಾಡಿನಲ್ಲಿ ಕೂತು ಯಾರಿಗೂ ಓದಿ ಹೇಳಲಾಗದೆ ಒಣಗಿ ಹೋಗಿದ್ದರು.

"ನಿಮ್ಮ ತಂದೆಯ ಹೆಸರು?" ಎಂದರು. ರಷ್ಯನ್ನರು ಅಪ್ಪನ ಹೆಸರು ಸೇರಿಸದೆ ಯಾರನ್ನೂ ಗೌರವದಿಂದ ಕರೆಯಲಾರರು. ಪಾವ್ಲ್ ಎಂದೆ. "ಸೆವ್ರಿನಾ ಪಾವ್ಲೊವ್ನಾ!" ಎಂದು ಸವಿದು ಹೇಳಿದರು. "ನೀವು ಕ್ರಿಸ್ತನನ್ನು ನಂಬಿದವರು. ನಮ್ಮ ನೋವು ನಿಮಗೆ ಅರ್ಥವಾಗುತ್ತದೆ."

ಅಲ್ಲಿಂದ ಸಾಹಿತ್ಯದ ಮಾತು ಬಂತು. ನಾನು ಮೆಚ್ಚಿದ ಒಬ್ಬಿಬ್ಬರು ಲೇಖಕರನ್ನು ಹೇಳಿದೆ. ಅವರು ಬೆರಳು ಆಡಿಸಿದರು. ನೀವು ಹೇಳಿದವರು ರಷ್ಯನ್ ಭಾಷೆಯಲ್ಲಿ ಬರೆಯುವವರು ಅಷ್ಟೆ, ರಷ್ಯನ್ ಲೇಖಕರಲ್ಲ. ಭಾಷೆ ಕಲಿಯಬಹುದು, ರಕ್ತ ಕಲಿಯಲಾಗುವುದಿಲ್ಲ ಎಂದರು. ಬಹಳ ಮೃದುವಾಗಿ, ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು. ಆಮೇಲೆ ಕೇಳಿದರು: "ಇಷ್ಟು ಶುದ್ಧ ರಷ್ಯನ್ ನಿಮಗೆ ಕಲಿಸಿದವರು ಯಾರು?"

"ರೈಸಾ ಮಿಖಾಯ್ಲೊವ್ನಾ."

"ಒಳ್ಳೆಯ ಹೆಸರು. ಮನೆತನ?"

"ನೆನಪಿಲ್ಲ," ಎಂದೆ.

ಪ್ರತಿ ಹೊಸ ವರ್ಷಕ್ಕೆ ಟೀಚರಿಗೆ ಕಾರ್ಡು ಕಳಿಸುತ್ತೇನೆ, ಮನೆತನದ ಹೆಸರು ನನಗೆ ನೆನಪಿಲ್ಲವಂತೆ. ವಲೇರಿಯನ್‌ಗಾಗಿ ಹಾಗೆ ಹೇಳಿದೆ ಎಂದು ಕಾರಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಡುವ ಮೊದಲು ಮತ್ತೊಂದು ತೀರ್ಮಾನವಾಗಿತ್ತು. ನಮ್ಮೂರವರ ಕನ್ನಡ ಸಂಘದ ಅಧ್ಯಕ್ಷರಾದ ಶೆಟ್ರು ಶುಕ್ರವಾರ ರಿಫಾದ ತಮ್ಮ ಮನೆಯಲ್ಲಿ ನನ್ನ ಭಾಷಣ ಇಟ್ಟಿದ್ದರು. ಅದರ ಬದಲು ಗೆನ್ನಾದಿ ಸ್ತೆಪಾನೊವಿಚ್ ರಷ್ಯದ ಬಗ್ಗೆ ಮಾತಾಡುವುದು, ನಾನು ಕನ್ನಡದಲ್ಲಿ ಹೇಳುವುದು. ವಲೇರಿಯನ್ ಕಾರಿನಲ್ಲಿ ಸಿಳ್ಳೆ ಹಾಕುತ್ತಾ ಬಂದ.

ಮಾಹೂಝ್, ಊಟದ ಮೇಜು

ಬುಧವಾರ ಹಸ್ತಪ್ರತಿ ಬಂತು. ಹನ್ನೆರಡು ಪುಟ, ಮುದ್ದಾದ ಕೈಬರಹ. ಲಿಲ್ಲಿ ಡ್ಯೂಟಿಗೆ, ಶರನ್ ಶಾಲೆಗೆ ಹೋದ ಮೇಲೆ ಊಟದ ಮೇಜಿನಲ್ಲಿ ಹರಡಿಕೊಂಡು ಕೂತೆ.

ಮೊದಲ ಎಂಟು ಪುಟ ಚೆನ್ನಾಗಿತ್ತು. ಮಂಜಿನಲ್ಲಿ ಕೇಳಿಸುವ ಗಂಟೆ, ಮುಚ್ಚಿದ ಇಗರ್ಜಿಗಳು, ಯುದ್ಧಕ್ಕೆ ಹೋಗಿ ಬಾರದ ಗಂಡಸರು. ಒಂಬತ್ತನೆಯ ಪುಟದಲ್ಲಿ ಒಂದು ದೊಡ್ಡ ಮನೆ ಬಂತು. ಆ ಮನೆಯೊಳಗೆ ಸೇರಿಕೊಂಡ ಬಾಡಿಗೆದಾರರು ಬಂದರು. ಅವರಿಗೆ ಗೋಡೆಯ ಮೇಲೆ ಪ್ರೀತಿಯಿಲ್ಲ. ಮನೆಯವರ ಭಾಷೆಯನ್ನು ಮನೆಯವರಿಗಿಂತ ಚೆನ್ನಾಗಿ ಆಡುತ್ತಾರೆ, ಅದೇ ಅವರ ಮೋಸ. ಕ್ರಾಂತಿ ಮಾಡಿ ಮನೆ ಕೆಡಿಸಿದವರೂ ಅವರೇ, ಈಗ ಕ್ರಾಂತಿಯ ಸರ್ಕಾರವನ್ನು ಕೆಡವಿ ಮನೆ ಮಾರುತ್ತಿರುವವರೂ ಅವರೇ. ಮಳೆ ಬಂದರೂ ಅತ್ತೆಯದೇ ತಪ್ಪು, ಬಾರದಿದ್ದರೂ ಅತ್ತೆಯದೇ ತಪ್ಪು ಎಂಬ ಹಾಗೆ. ಯಹೂದಿ ಎಂಬ ಪದ ಹನ್ನೊಂದನೆಯ ಪುಟದಲ್ಲಿ ಒಂದೇ ಒಂದು ಸಲ ಬಂದಿತ್ತು, ಅದೂ ಬಹಳ ಸಭ್ಯವಾಗಿ.

ಈ ಮಾತು ನನಗೆ ಹೊಸದಲ್ಲ. ನಾನು ಮಾಸ್ಕೋದಲ್ಲಿದ್ದಾಗ ಓದಿದವರೇ ಇದನ್ನು ಅಡುಗೆಮನೆಯಲ್ಲಿ, ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಂಡು, ತಗ್ಗಿದ ದನಿಯಲ್ಲಿ ಆಡುತ್ತಿದ್ದರು. ಬಾಯಿಕಟ್ಟು ಹೋದ ಮೇಲೆ ಅದು ಅಚ್ಚಾಗಿ, ಅಡಿಟಿಪ್ಪಣಿ ಸಮೇತ ಹೊರಬಂತು. ಬ್ರೆಡ್ಡಿನ ಸಾಲಿನಲ್ಲಿ ನಿಂತ ಕುಡುಕ ಬೈದರೆ ಬೈದ, ಹೋದ. ವಿದ್ವಾಂಸ ಆ ಬೈಗುಳಕ್ಕೆ ಕೋಟು ಹಾಕಿಸಿ ಕುರ್ಚಿ ಕೊಡುತ್ತಾನೆ. ರಷ್ಯದ ವಿದ್ವಾಂಸರೆಲ್ಲ ಹಾಗೆ ಎಂದು ಹೇಳಿದರೆ ನನ್ನ ನಾಲಗೆ ಬಿದ್ದೀತು. ಈ ಮಾತಿಗೆ ಎದುರು ನಿಂತು ಕೆಲಸ ಕಳೆದುಕೊಂಡ ರಷ್ಯನ್ನರನ್ನೂ ನಾನು ಕಂಡಿದ್ದೇನೆ. ಆದರೆ ಎದುರು ನಿಲ್ಲದೆ ಚಹಾ ಕುಡಿಯುತ್ತಾ ಕೂತವರೇ ಹೆಚ್ಚು. ಅಸ್ಕರಿನಲ್ಲಿ ನಾನೂ ಅದನ್ನೇ ಮಾಡಿ ಬಂದಿದ್ದೆ.

ಈಗ ರೈಸಾ ಟೀಚರ ವಿಷಯ ಹೇಳಬೇಕು. ಎಲ್ಲರೂ ಅವರನ್ನು ರೈಸಾ ಮಿಖಾಯ್ಲೊವ್ನಾ ಎನ್ನುತ್ತಿದ್ದರು. ಒಂದು ದಿನ ಅವರ ಮನೆಯಲ್ಲಿ ಗೋಡೆಯ ಮೇಲೆ ಸೈನಿಕನ ಉಡುಪಿನ ಒಬ್ಬರ ಫೋಟೋ ಕಂಡು, ನಮ್ಮೂರ ಚಟದಲ್ಲಿ, ಇವರು ಯಾರು, ಹೆಸರೇನು, ಯಾವ ಊರು ಎಂದು ಕೇಳುತ್ತಾ ಹೋದೆ. ಅದು ಅವರ ಅಪ್ಪ. ಹೆಸರು ಮೊಯಿಸೇಯ್, ಯಹೂದಿಗಳಲ್ಲಿ ಇಡುವ ಹೆಸರು. ಯುದ್ಧದ ಮೊದಲ ಚಳಿಗಾಲದಲ್ಲೇ ಸತ್ತರು, ಹೆಣವೂ ಬರಲಿಲ್ಲ. ಹಾಗಾದರೆ ಟೀಚರ ಸರಿಯಾದ ಹೆಸರು ರೈಸಾ ಮೊಯಿಸೇಯೆವ್ನಾ. ಆ ಹೆಸರು ಕೇಳಿದರೆ ಯಾವ ಜನ ಎಂದು ತಿಳಿಯುತ್ತದೆಂದು ಬಾಯಿಮಾತಿಗೆ ಮಿಖಾಯ್ಲೊವ್ನಾ. ಆದರೆ ಕಾಗದದಿಂದ ತಪ್ಪಿಸಿಕೊಳ್ಳಲಾಗದು. ಅಲ್ಲಿ ಪ್ರತಿ ಅರ್ಜಿಯ ಐದನೆಯ ಸಾಲಿನಲ್ಲಿ ಜನಾಂಗ ಬರೆಯಬೇಕು. ಆ ಐದನೆಯ ಸಾಲಿನ ದೆಸೆಯಿಂದ ಅವರಿಗೆ ಹದಿನೆಂಟು ವರ್ಷ ಬಡ್ತಿ ಸಿಕ್ಕಿರಲಿಲ್ಲ.

ಇದೆಲ್ಲ ನನಗೆ ಆಗ ಹೊಳೆಯಲಿಲ್ಲ. ಅವರ ಹುಟ್ಟುಹಬ್ಬಕ್ಕೆ ವಿದ್ಯಾರ್ಥಿಗಳ ಗೋಡೆಪತ್ರಿಕೆಯಲ್ಲಿ ಅಭಿನಂದನೆ ಬರೆಯುವ ಕೆಲಸ ನನಗೆ ಬಂತು. ನಮ್ಮ ಕಡೆ ಹಿರಿಯರಿಗೆ ಗೌರವ ಎಂದರೆ ಅಪ್ಪನ ಹೆಸರನ್ನು ಸರಿಯಾಗಿ ಹೇಳುವುದು. ದೊಡ್ಡ ಅಕ್ಷರದಲ್ಲಿ ರೈಸಾ ಮೊಯಿಸೇಯೆವ್ನಾ ಎಂದು ಬರೆದು ಹೂವಿನ ಚಿತ್ರ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಆ ಹೆಸರಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಟೀಚರೇ ಬಂದು ಹಾಳೆ ತೆಗೆದು, ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. "ನೀನು ಗೌರವಕ್ಕೆ ಬರೆದೆ. ಅವರು ಬೇರೆಯದಕ್ಕೆ ಓದಿದರು," ಎಂದರು. ಮೂರು ವರ್ಷದ ಹಿಂದೆ, ಅರವತ್ತರ ವಯಸ್ಸಿನಲ್ಲಿ, ಎರಡು ಸೂಟ್‌ಕೇಸು ಹಿಡಿದು ಅವರು ಇಸ್ರೇಲಿನ ಹೈಫಾಕ್ಕೆ ಹೋಗಿಬಿಟ್ಟರು.

ವಲೇರಿಯನ್ ಆಫೀಸಿನಿಂದ ಬಂದವನಿಗೆ ಒಂಬತ್ತನೆಯ ಪುಟದಿಂದ ಓದಿ ಹೇಳಿದೆ. ಅವನು ಬೂಟು ಬಿಚ್ಚುತ್ತಾ ಕೇಳಿದ.

"ಅಷ್ಟೇ ಅಲ್ವಾ? ಆ ನಾಲ್ಕು ಪುಟ ಬಿಟ್ಟುಬಿಡಿ. ಅವ್ರಿಗೆ ಕನ್ನಡ ಬರುದಿಲ್ಲ, ನಮ್ಮವ್ರಿಗೆ ರಷ್ಯನ್ ಬರುದಿಲ್ಲ. ಯಾರಿಗೆ ಗೊತ್ತಾಗ್ಲಿಕ್ಕುಂಟು?"

"ಬಿಟ್ಟರೆ ಜನ ಅವ್ರನ್ನು ದೇವರಂಥವ್ರು ಅಂತ ಕೈ ಮುಗಿದು ಕಳಿಸ್ತಾರೆ. ಅದು ಸುಳ್ಳು ಹೇಳಿದ ಹಾಗೆ."

"ಹಾಗಾದ್ರೆ ಜ್ವರ ಅಂತ ಮಲಗಿ. ಲಿಲ್ಲಿ ಸರ್ಟಿಫಿಕೇಟು ಕೊಡ್ತಾಳೆ."

ಲಿಲ್ಲಿ ನಗಲಿಲ್ಲ. ಹೋದ ವರ್ಷ ಇದೇ ತಿಂಗಳು ನಮ್ಮೂರಿನಲ್ಲಿ ಗಲಾಟೆಯಾಗಿ ಕರ್ಫ್ಯೂ ಬಿದ್ದಾಗ ಅವಳು ರಜೆಯಲ್ಲಿ ನನ್ನ ಮನೆಯಲ್ಲೇ ಇದ್ದಳು. ಓದು ಬರಹ ಬಲ್ಲ ನಮ್ಮ ನೆರೆಯವರೇ ಮುಸ್ಲಿಮರ ಬಗ್ಗೆ, ಬಾಡಿಗೆದಾರರು, ಮನೆಯವರು ಎಂಬ ಇಂಥದೇ ಮಾತನ್ನು ಕಾಂಪೌಂಡಿಗೆ ಒರಗಿ ಆಡಿದ್ದನ್ನು ಇಬ್ಬರೂ ಕೇಳಿದ್ದೆವು.

"ನೀನು ಎಂತ ಮಾಡ್ತಿ?" ಎಂದು ಕೇಳಿದಳು.

"ಒಂದಕ್ಷರ ಬಿಡದೆ ಹೇಳ್ತೇನೆ. ಕೋಟು ತೆಗೆದು ಸೀದಾ ಕನ್ನಡದಲ್ಲಿ ಹೇಳಿದ್ರೆ ಕೇಳಿದವ್ರಿಗೇ ನಾಚಿಕೆ ಆಗ್ತದೆ. ಆಮೇಲೆ ನನ್ನದೂ ಎರಡು ಮಾತು ಹೇಳ್ತೇನೆ."

ವಲೇರಿಯನ್ ಬೂಟನ್ನು ಸ್ಟ್ಯಾಂಡಿನಲ್ಲಿಟ್ಟು ಎದ್ದ. "ನಿಮ್ಗೆ ವಾಪಸ್ ಹೋಗ್ಲಿಕ್ಕೆ ವಿಮಾನ ಉಂಟು ಅಕ್ಕ. ನಮ್ಗೆ ಇಲ್ಲೇ ಇರ್ಲಿಕ್ಕೆ," ಎಂದ. ಅವನ ಮಾತು ಆಗಲೂ ನಿಜ, ಈಗಲೂ ನಿಜ. ಆದರೆ ಮನಸ್ಸು ಬದಲಾಗಲಿಲ್ಲ.

ರಿಫಾ, ಶುಕ್ರವಾರ

ಶೆಟ್ರ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿ, ನೂರು ಕುರ್ಚಿ ಇಟ್ಟಿದ್ದರು. ಒಂದು ಕಡೆ ಗೋಳಿಬಜೆ ಬಾಣಲೆಯಲ್ಲಿ ತೇಲುತ್ತಿತ್ತು. ಚಹಾದ ಉಸ್ತುವಾರಿ ಹಮೀದ್ ಬ್ಯಾರಿಯವರದು. ಮನಾಮಾದಲ್ಲಿ ಅವರದ್ದು ಸಣ್ಣ ಹೋಟೆಲು, ಸಂಘದ ಯಾವ ಕಾರ್ಯಕ್ರಮಕ್ಕೂ ಚಹಾ ಅವರದೇ. ಶುಕ್ರವಾರದ ಬಿಸಿಲು ಹಿತವಾಗಿತ್ತು. ಊರಿನ ಮದುವೆ ಚಪ್ಪರದಲ್ಲಿ ಕೂತ ಹಾಗಿತ್ತು, ಹೊರಗೆ ತೆಂಗಿನ ಬದಲು ಖರ್ಜೂರದ ಮರ ಅಷ್ಟೆ.

ಶೆಟ್ರು ನನ್ನನ್ನು ಪರಿಚಯಿಸಿದರು: "ಸೆವ್ರಿನ್ ಟೀಚರ್ ಕ್ರಿಶ್ಚಿಯನ್ನರಾದ್ರೂ ಎಂಥ ಕನ್ನಡ ಗೊತ್ತುಂಟಾ. ನೀವೇ ಕೇಳಿ ಮಾರಾಯ್ರೆ." ಹೊಗಳಿಕೆ ಎಂದೇ ಅವರು ಹೇಳಿದ್ದು. ಮೂವತ್ತು ವರ್ಷದಿಂದ ಇಂಥ ಹೊಗಳಿಕೆ ನುಂಗಿ ಅಭ್ಯಾಸವಿದೆ.

ಗೆನ್ನಾದಿ ಸ್ತೆಪಾನೊವಿಚ್ ಒಂದು ಪ್ಯಾರಾ ಓದುವುದು, ನಾನು ಒಂದು ಪ್ಯಾರಾ ಹೇಳುವುದು. ಗಂಟೆ ಬಂತು, ಮಂಜು ಬಂತು. ಹೆಂಗಸರು ಕಣ್ಣೊರೆಸಿಕೊಂಡರು. ಒಂಬತ್ತನೆಯ ಪುಟ ಬಂತು. ಮನೆ, ಬಾಡಿಗೆದಾರರು, ಮೋಸ, ರಕ್ತ, ಎಲ್ಲವನ್ನೂ ಹೇಳಿದೆ. ಯಾವ ಪದವನ್ನೂ ಮೆತ್ತಗೆ ಮಾಡಲಿಲ್ಲ, ಖಾರವನ್ನೂ ಸೇರಿಸಲಿಲ್ಲ.

ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆನಲ್ಲ, ಚಪ್ಪಾಳೆ ಬಂತು. ಮೊದಲು ನಾಲ್ಕನೆಯ ಸಾಲಿನಿಂದ ಒಂದು ಜೊತೆ ಕೈ, ಆಮೇಲೆ ಹತ್ತು, ಆಮೇಲೆ ಅರ್ಧ ಅಂಗಳ. "ನಮ್ಮಲ್ಲಿಯೂ ಇದ್ದಾರೆ ಇಂಥವ್ರು, ಇಲ್ಲಿಯ ಅನ್ನ, ಮನಸ್ಸು ಬೇರೆ ಕಡೆ," ಎಂದು ಯಾರೋ ಹೇಳಿದರು. ಹಮೀದ್ ಬ್ಯಾರಿಯವರು ಚಹಾದ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದವರು ಜೋಡಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಗೆನ್ನಾದಿ ಸ್ತೆಪಾನೊವಿಚ್ ನನ್ನ ಕಡೆ ಬಾಗಿ, "ನೋಡಿದಿರಾ, ಇವರಿಗೆ ಅರ್ಥವಾಗಿದೆ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಚಪ್ಪಾಳೆಗೆ ಮಾತು ಒದಗಿಸಿದ ನಾಲಗೆ ನನ್ನದೇ. ನನಗೆ ಅಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ, ಮತ್ತು ಅದರಲ್ಲಿ ಅರ್ಧ ನನ್ನ ಮೇಲೆಯೇ.

ಕೊನೆಯ ಪುಟವನ್ನೂ ಮುಗಿಸಿದೆ. ಮೈಕು ಬಿಡಲಿಲ್ಲ.

"ಇಷ್ಟು ಹೊತ್ತು ಹೇಳಿದ್ದು ಅವರ ಮಾತು. ಇನ್ನು ನನ್ನದು. ಮೊದಲು ಒಂದು ಸಣ್ಣ ಕೆಲಸ. ಮನೆಯಲ್ಲಿ ಗಂಡ ಹೆಂಡತಿ ಮಕ್ಕಳ ಹತ್ತಿರ ಕನ್ನಡ ಮಾತಾಡುವವರು ದಯವಿಟ್ಟು ಕೈ ಎತ್ತಿ," ಎಂದೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಲ್ಲಿ ಎರಡು ಕೈ ಎದ್ದವು. ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನವರೊಬ್ಬರು, ಅವರ ಹೆಂಡತಿ. ಶರನ್ ತಾನೂ ಎತ್ತಬೇಕೇ ಎಂದು ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳುವುದು ಕೇಳಿಸಿತು. ಅಂಗಳದಲ್ಲಿ ನಗು ಹುಟ್ಟಿತು.

"ನಮ್ದು ತುಳು ಅ‌ಲ್ವಾ ಟೀಚರ್," ಎಂದರು ಶೆಟ್ರು, ನಗುತ್ತಲೇ.

"ನಿಮ್ಮದು ತುಳು, ನನ್ನದು ಕೊಂಕಣಿ, ಚಹಾ ಕೊಡ್ತಾ ಇರುವ ಹಮೀದ್ ಬ್ಯಾರಿಯವರದ್ದು ಬ್ಯಾರಿ. ಭಾಷೆ ಕಲಿಯಬಹುದು, ರಕ್ತ ಕಲಿಯಲಾಗದು ಅಂತ ಈ ಮಹನೀಯರು ಅಸ್ಕರಿನಲ್ಲಿ ನನಗೆ ಹೇಳಿದ್ದಾರೆ. ಅವರ ಲೆಕ್ಕದಲ್ಲಿ ಈ ಕನ್ನಡ ಸಂಘದಲ್ಲಿ ಮನೆಯವರು ಇಬ್ಬರೇ. ಅಧ್ಯಕ್ಷರ ಸಮೇತ ಉಳಿದವರೆಲ್ಲ ಬಾಡಿಗೆದಾರರು. ನೀವು ಚಪ್ಪಾಳೆ ಹೊಡೆದದ್ದು ನಿಮ್ಮನ್ನು ಹೊರಗೆ ಹಾಕುವ ಮಾತಿಗೆ."

ನಗು ಅರ್ಧಕ್ಕೆ ನಿಂತಿತು. ಮುಂದಿನದನ್ನು ನಿಧಾನವಾಗಿ ಹೇಳಿದೆ. ನನಗೆ ರಷ್ಯನ್ ಅಕ್ಷರ ಕಲಿಸಿದವರು ಯಹೂದಿ. ನೀವು ಈಗ ಗಂಟೆಯ ಸದ್ದು ಕೇಳಿ ಕಣ್ಣೊರೆಸಿಕೊಂಡದ್ದು ಅವರು ಕಲಿಸಿದ ಭಾಷೆಯಿಂದ. ಅವರ ಅಪ್ಪ ಆ ಮಣ್ಣಿಗಾಗಿ ಹೋರಾಡಿ ಸತ್ತರು. ಮೊನ್ನೆ ಇವರು ನನ್ನ ಟೀಚರ ಹೆಸರು ಕೇಳಿದಾಗ ನಾನು ಹೆದರಿ ಮರೆಮಾಚಿದ ಹೆಸರು ಹೇಳಿದೆ. ಅವರ ನಿಜವಾದ ಹೆಸರು ರೈಸಾ ಮೊಯಿಸೇಯೆವ್ನಾ.

ಗೆನ್ನಾದಿ ಸ್ತೆಪಾನೊವಿಚ್‌ಗೆ ಆ ಒಂದು ಹೆಸರು ಮಾತ್ರ ತಿಳಿಯಿತು. ಏನು ಹೇಳಿದಿರಿ ಎಂದರು. ಮೈಕಿನಲ್ಲೇ, ಎಲ್ಲರೆದುರು, ರಷ್ಯನ್ನಿನಲ್ಲಿ ಪೂರ್ತಿ ಹೇಳಿದೆ. ಅಲ್ಲಿಯೂ ಒಂದಕ್ಷರ ಬಿಡಲಿಲ್ಲ. ಅವರು ಹನ್ನೆರಡು ಪುಟಗಳ ಅಂಚು ಸರಿಹೊಂದಿಸಿ ಫೈಲಿಗೆ ಹಾಕಿಕೊಂಡರು.

"ನನ್ನ ತಂದೆಯೂ ಯುದ್ಧದಲ್ಲಿ ಸತ್ತರು, ಸೆವ್ರಿನಾ ಪಾವ್ಲೊವ್ನಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವೇ ಇತ್ತು.

"ಹಾಗಾದರೆ ಇಬ್ಬರೂ ಒಂದೇ ನೆಲದಲ್ಲಿ ಮಲಗಿದ್ದಾರೆ. ಅಲ್ಲಿ ಬಾಡಿಗೆದಾರ ಯಾರು, ಗೆನ್ನಾದಿ ಸ್ತೆಪಾನೊವಿಚ್?"

ಅವರು ಫೈಲು ಎತ್ತಿಕೊಂಡು, ಚಹಾ ಕುಡಿಯದೆ ಹೋದರು. ನನಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು, ಜನ ಗೋಳಿಬಜೆಯ ಕಡೆ ಸರಿದರು. ನಾಲ್ಕನೆಯ ಸಾಲಿನವರು ನನ್ನ ಹತ್ತಿರ ಬರದೆ ಸುತ್ತು ಹಾಕಿ ಹೋದರು. ಹಮೀದ್ ಬ್ಯಾರಿಯವರು ಒಂದು ಲೋಟ ಚಹಾ ತಂದು ನನ್ನ ಮುಂದಿಟ್ಟರು. "ಸಕ್ಕರೆ ಸರಿ ಉಂಟಾ ನೋಡಿ ಟೀಚರ್," ಎಂದರು. ಸರಿ ಇತ್ತು.

ಮತ್ತೆ ವಿಮಾನ ನಿಲ್ದಾಣ

ವಲೇರಿಯನ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತಟ್ಟೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಅಷ್ಟೆ. ಆ ಎರಡು ದಿನ ನಾನು ರೈಸಾ ಟೀಚರಿಗೆ ಕಾಗದ ಬರೆದೆ. ನಡೆದದ್ದೆಲ್ಲ ಬರೆದೆ, ಅಸ್ಕರಿನಲ್ಲಿ ಹೇಳಿದ ಸುಳ್ಳನ್ನೂ. ಹೊರಡುವ ದಿನ ಅಂಚೆಗೆ ಹಾಕಲು ಲಿಲ್ಲಿಯ ಕೈಗೆ ಕೊಟ್ಟೆ.

ಕಾರು ಓಡಿಸುತ್ತಿದ್ದ ವಲೇರಿಯನ್ ಕನ್ನಡಿಯಲ್ಲಿ ನೋಡಿದ. "ಇಲ್ಲಿಂದ ಆ ದೇಶಕ್ಕೆ ಟಪಾಲು ಹೋಗುದಿಲ್ಲ. ಊರಿಂದ ಹಾಕಿ," ಎಂದ. ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು. ನಿಲ್ದಾಣದಲ್ಲಿ ಬ್ಯಾಗು ಇಳಿಸಿ ಕೊಡುವಾಗ ಮತ್ತೊಂದು ಮಾತು ಹೇಳಿದ.

"ಈ ಸಲ ಹೆಸ್ರು ಸರಿ ಬರ್ದಿದ್ದೀರಲ್ಲ ಅಕ್ಕ?"

"ಬರ್ದಿದ್ದೇನೆ," ಎಂದೆ. ಅವನು ತಲೆಯಾಡಿಸಿದ. ಅಷ್ಟಕ್ಕೇ ನನಗೆ ಅಳು ಬಂತು, ಕೌಂಟರಿನವರು ನೋಡುವಷ್ಟು.

ಮಂಗಳೂರು

ಊರಿಗೆ ಬಂದರೂ ಕಾಗದ ಹಾಕಲಿಲ್ಲ. ವಲೇರಿಯನ್‌ನ ಕೆಲಸ ಏನಾಯಿತೆಂದು ತಿಳಿಯದೆ ಅದು ಪೂರ್ತಿಯಾಗದು ಎನಿಸಿತು. ಫೆಬ್ರವರಿಯಲ್ಲಿ ಲಿಲ್ಲಿಯ ಪತ್ರ ಬಂತು. ಏಜೆನ್ಸಿ ಬೇರೆಯವರಿಗೆ ಹೋಯಿತು. ವಲೇರಿಯನ್‌ನ ಮೇಜು ಹೋಯಿತು. ಅಸ್ಕರಿನ ಗೋದಾಮಿನಲ್ಲಿ ಶಿಫ್ಟ್ ಕೆಲಸ ಕೊಟ್ಟಿದ್ದಾರೆ, ವೀಸಾ ಸದ್ಯಕ್ಕೆ ಒಂದು ವರ್ಷ ಉಳಿದಿದೆ. ಹಾರೂನ್ ಸೇಠ್ ನಿನ್ನನ್ನು ಕೇಳಿದರು, ಹಮೀದ್ ಬ್ಯಾರಿಯವರು ಮನೆಗೆ ಬಿರಿಯಾನಿ ಕಳಿಸಿದರು ಎಂದಿತ್ತು. ಬೈಗುಳ ಒಂದೂ ಇರಲಿಲ್ಲ. ಅದು ಹೆಚ್ಚು ಚುಚ್ಚಿತು. ಆದರೂ ಬರೆದಿಡುತ್ತೇನೆ: ಮತ್ತೊಮ್ಮೆ ಆ ಅಂಗಳದಲ್ಲಿ ನಿಲ್ಲಿಸಿದರೆ ಅದನ್ನೇ ಹೇಳುತ್ತೇನೆ.

ಕಾಗದಕ್ಕೆ ಅದನ್ನೂ ಸೇರಿಸಿ ಅಂಟಿಸಿದೆ. ಹೈಫಾದಲ್ಲಿ ಅಪ್ಪನ ಹೆಸರು ಸೇರಿಸಿ ಕರೆಯುವ ರೂಢಿ ಇಲ್ಲವಂತೆ. ಆದರೂ ಲಕೋಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಪೂರ್ತಿ ಬರೆದು ಅಂಚೆ ಕಚೇರಿಗೆ ಹೋದೆ. ಕೌಂಟರಿನವರು ನಮ್ಮೂರವರೇ. ಲಕೋಟೆ ತೂಗಿ, ಕನ್ನಡಕ ಸರಿಮಾಡಿಕೊಂಡು, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ರೈಸಾ ಮೊಯಿಸೇಯೆವ್ನಾ. ಇವ್ರು ಯಾವ ಜನ ಮಾರಾಯ್ರೆ?"

"ನಂಗೆ ಅಕ್ಷರ ಕಲಿಸಿದವ್ರು," ಎಂದೆ.

ಅವರು ಸ್ಟಾಂಪು ಅಂಟಿಸಿ ಸೀಲು ಎತ್ತಿದರು. ಅವರ ಕೈ ಹಿಡಿದು ನಿಲ್ಲಿಸಿದೆ.

"ಸ್ವಲ್ಪ ಆಚೆ ಹೊಡೀರಿ. ಹೆಸ್ರಿನ ಮೇಲೆ ಬೀಳ್ಬಾರ್ದು."